ಸಹಾಯ ಬೇಕು: ಸ್ಲೈಡರ್ ಎಳೆಯುವ ವೇಗಕ್ಕೆ ಡೊಳ್ಳಿನ ಏಟು

ನಮಸ್ಕಾರ. ಡೊಂಬಿವಲಿಯಲ್ಲಿ ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಪ್ಯೂರ್ ಡೇಟಾ ಅನ್ನೋ ಸದ್ದಿನ ಸಾಫ್ಟ್‌ವೇರಿನಲ್ಲಿ ಡೊಳ್ಳಿನ ಸದ್ದು ಸಿದ್ಧ ಮಾಡುತ್ತಿದ್ದೇವೆ. ಮಿಡಿ ಕಂಟ್ರೋಲರಿನ (ಕಂಪ್ಯೂಟರಿಗೆ ಅಂಕಿ ಕಳಿಸುವ ಸಾಧನ) ಸ್ಲೈಡರನ್ನು ಸರ್ರನೆ ಎಳೆದರೆ ಮಾತ್ರ ಏಟು ಬೀಳಬೇಕು. ನಿಧಾನಕ್ಕೆ ಸರಿಸಿದರೆ ಸುಮ್ನಿರಬೇಕು.

ಸ್ಲೈಡರ್ ಕಳಿಸುವುದು 0ಯಿಂದ 127ರವರೆಗಿನ ಅಂಕಿ ಮಾತ್ರ, ವೇಗ ಅಲ್ಲ. ಅದಕ್ಕೇ ಹೊಸ ಅಂಕಿಯಿಂದ ಹಳೆಯದನ್ನು ಕಳೆದು, ಟೈಮರ್ ಕೊಡುವ ಮಿಲಿಸೆಕೆಂಡಿನಿಂದ ಭಾಗಿಸುತ್ತಿದ್ದೇನೆ. 40 ಮಿಲಿಸೆಕೆಂಡಿನಲ್ಲಿ 20 ಅಂಕಿ ಸರಿದರೆ ವೇಗ 0.5. ಇಲ್ಲಿವರೆಗೆ ಸರಿ. ಆದರೆ ಒಂದೇ ಎಳೆತಕ್ಕೆ ಪಟಪಟ ಅಂತ ನಾಲ್ಕೈದು ಏಟು ಬೀಳುತ್ತವೆ. ಕೈ ನಿಂತಾಗ ಹೊಸ ಅಂಕಿಯೇ ಬರುವುದಿಲ್ಲ, ಹಾಗಾಗಿ ವೇಗ ಸೊನ್ನೆಗೆ ಇಳಿಯುವುದೂ ಇಲ್ಲ.

ಮೆಟ್ರೋ ಆಬ್ಜೆಕ್ಟ್ (ಇಂತಿಷ್ಟು ಹೊತ್ತಿಗೊಮ್ಮೆ ಸಂಕೇತ ಕೊಡುವ ಭಾಗ) ಇಟ್ಟು 20 ಮಿಲಿಸೆಕೆಂಡಿಗೊಮ್ಮೆ ಅಳೆಯುವುದು ಒಳ್ಳೆಯದಾ? ಒಂದು ಏಟು ಬಿದ್ದ ಮೇಲೆ ಮುಂದಿನದನ್ನು ಎಷ್ಟು ಹೊತ್ತು ತಡೆದಿಡಬೇಕು? ಜಾಸ್ತಿ ತಡೆದರೆ ಡೊಳ್ಳಿನ ಗತ್ತೇ ಹೋಗುತ್ತೆ, ಅಲ್ವಾ? ಗೊತ್ತಿದ್ದವರು ಪ್ಯಾಚಿನ (ಪ್ಯೂರ್ ಡೇಟಾದಲ್ಲಿ ಜೋಡಿಸಿದ ಪ್ರೋಗ್ರಾಮ್) ಫೋಟೊ ಹಾಕಿದರೂ ಸಾಕು.