ಕೈಯಲ್ಲಿ ಪಾವತಿ ಇದ್ದರೆ ಗಾಡಿ ಓಡಿಸಬಹುದಾ? ಕೆಂಪು ಸಿಗ್ನಲ್ ಕಾನೂನಿನ ಕೆಲವು ಪದಗಳು

ಎಲ್ಲರಿಗೂ ನಮಸ್ಕಾರ.

ಪುಣೆಯಲ್ಲಿ ಆಟೋ, ಟೆಂಪೋ, ಕ್ಯಾಬ್ ಓಡಿಸುವ ಕನ್ನಡಿಗರು ಬಹಳ ಮಂದಿ ಇದ್ದಾರೆ. ವಿಜಯಪುರ, ಕಲಬುರಗಿ, ಬೀದರ್ ಕಡೆಯಿಂದ ಬಂದವರು. ಅವರಿಗೆ ಹಂಚಲು ನಾವು ಕೆಲವರು ಸೇರಿ ಒಂದು ಹಾಳೆ ಬರೆಯುತ್ತಿದ್ದೇವೆ. ಕೆಂಪು ಸಿಗ್ನಲ್ ಇದ್ದಾಗ ನುಗ್ಗಿದರೆ ಕಾನೂನಿನಲ್ಲಿ ಏನಾಗುತ್ತದೆ ಅನ್ನುವುದು ಅದರ ವಿಷಯ. ಬರೆಯಲು ಕೂತರೆ ಕೆಲವು ಪದಗಳ ಹತ್ತಿರ ಕೈ ನಿಂತುಬಿಡುತ್ತದೆ. ನಿಮ್ಮ ಸಲಹೆ ಬೇಕು.

ಮೊದಲು ಪಾವತಿ. ಬೆಂಗಳೂರು, ಮೈಸೂರು ಕಡೆ ಪಾವತಿ ಅಂದರೆ ಹಣ ಕಟ್ಟುವುದು. ಉತ್ತರ ಕರ್ನಾಟಕದಲ್ಲಿ ಪಾವತಿ ಅಂದರೆ ರಸೀದಿ. ಮರಾಠಿಯಲ್ಲೂ ಅದೇ ಅರ್ಥ. ಇದೇನು ಸಣ್ಣ ವ್ಯತ್ಯಾಸ ಅನ್ನಿಸಬಹುದು. ಆದರೆ ಸ್ವಾರಗೇಟ್ ಹತ್ತಿರ ಆಟೋ ಓಡಿಸುವ ಇಂಡಿ ತಾಲ್ಲೂಕಿನ ಹುಡುಗನೊಬ್ಬ ಮೊನ್ನೆ ಒಂದು ಚೀಟಿ ತಂದು ತೋರಿಸಿದ. ನಾಲ್ಕು ಮಡಿಕೆ ಮಾಡಿ ಮೊಬೈಲ್ ಕವರಿನ ಹಿಂದೆ ಸಿಕ್ಕಿಸಿಕೊಂಡಿದ್ದ. "ಕಾಕಾ, ಲೈಸನ್ಸ್ ಇಸಕೊಂಡಾರ್ರಿ. ಆದ್ರ ಪಾವತಿ ಕೊಟ್ಟಾರ. ಗಾಡಿ ಹೊಡಿಯಾಕ ಏನೂ ತ್ರಾಸ ಇಲ್ಲಲ್ರೀ?" ಅಂತ ಕೇಳಿದ.

ತ್ರಾಸ ಇದೆ. ಮೋಟಾರು ವಾಹನ ಕಾಯ್ದೆಯ 206ನೇ ಕಲಮಿನ 4ನೇ ಉಪಕಲಮು ಇಲ್ಲಿ ಬರುತ್ತದೆ. ಅಪಾಯಕಾರಿ ಚಾಲನೆಯಂಥ ಕೆಲವು ಅಪರಾಧಗಳಲ್ಲಿ ಪೊಲೀಸರು ಲೈಸೆನ್ಸ್ ತೆಗೆದುಕೊಂಡು ಆರ್‌ಟಿಓಗೆ ಕಳಿಸಬೇಕು. ಚಾಲಕನಿಗೆ ಒಂದು ತಾತ್ಕಾಲಿಕ ಚೀಟಿ ಕೊಡಬೇಕು. ಲೈಸೆನ್ಸ್ ವಾಪಸ್ ಬರುವವರೆಗೆ ಆ ಚೀಟಿ ಇಟ್ಟುಕೊಂಡು ಗಾಡಿ ಓಡಿಸುವಂತಿಲ್ಲ ಅಂತ ಕಾಯ್ದೆಯಲ್ಲೇ ಬರೆದಿದೆ. ಹುಡುಗನ ತಲೆಯಲ್ಲಿ ಇದ್ದದ್ದು ದುಡ್ಡು ಕಟ್ಟಿದಾಗ ಸಿಗುವ ಪಾವತಿ. ಅದು ಕೈಗೆ ಬಂತು ಅಂದರೆ ವ್ಯವಹಾರ ಮುಗಿಯಿತು ಅಂತ ಅವನ ಲೆಕ್ಕ. ಎರಡಕ್ಕೂ ಒಂದೇ ಹೆಸರಾದರೆ ಅವನಿಗೆ ಗೊತ್ತಾಗುವುದಾದರೂ ಹೇಗೆ? ನಮ್ಮ ಹಾಳೆಯಲ್ಲಿ ಹಣದ್ದಕ್ಕೆ "ಪಾವತಿ" ಇರಲಿ, ಲೈಸೆನ್ಸಿನದಕ್ಕೆ "ಜಮಾ ಚೀಟಿ" ಅನ್ನೋಣ ಅಂತ ನನ್ನ ಮನಸ್ಸು. ಜಮಾ ಅಂದರೆ ಒಪ್ಪಿಸಿ ಬಂದದ್ದು ಅಂತ ಎಲ್ಲರಿಗೂ ತಿಳಿಯುತ್ತದೆ.

ಇನ್ನು ತಪ್ಪಿನ ಹೆಸರು. ಪತ್ರಿಕೆಗಳು "ಸಿಗ್ನಲ್ ಜಂಪ್" ಅನ್ನುತ್ತವೆ, ಇಲ್ಲವೇ "ಸಿಗ್ನಲ್ ಉಲ್ಲಂಘನೆ". ಪುಣೆಯಲ್ಲಿ ಮರಾಠಿಯವರು ಸಿಗ್ನಲ್ ತೋಡಲಾ ಅನ್ನುತ್ತಾರೆ, ಅದನ್ನು ಕೇಳಿ ಕೇಳಿ ನಮ್ಮವರೂ "ಸಿಗ್ನಲ್ ಮುರದ" ಅನ್ನುತ್ತಾರೆ. ಜೇಧೆ ಚೌಕದಲ್ಲಿ ನಿಂತು ಯಾರನ್ನೇ ಕೇಳಿ, ಇದು ಅರ್ಥವಾಗುತ್ತದೆ. "ಸಿಗ್ನಲ್ ದಾಟಿದ" ಮಾತ್ರ ಬೇಡ. ಹಸಿರು ಬಂದಾಗ ಹೋಗುವವನೂ ದಾಟಿಯೇ ಹೋಗುತ್ತಾನೆ ಅಲ್ವಾ? ಬಿಳಿ ಗೆರೆ ದಾಟಿ ಝೀಬ್ರಾ ಮೇಲೆ ನಿಂತದ್ದು ಬೇರೆ ತಪ್ಪು, ಅದನ್ನೂ ಇದರಲ್ಲಿ ಸೇರಿಸಬಾರದು.

ನಿಜವಾದ ತೊಡಕು ಮುಂದಿದೆ. ಒಂದೇ ಕೆಲಸ, ಆದರೆ ಎರಡು ಕಲಮುಗಳಲ್ಲಿ ಬರುತ್ತದೆ. ಸಂಚಾರ ಚಿಹ್ನೆಗೆ ತಲೆಬಾಗಬೇಕು ಅನ್ನುವುದು 119ನೇ ಕಲಮು. ಅದನ್ನು ಮೀರಿದರೆ 177ರಲ್ಲಿ ಮೊದಲ ಸಲ 500 ರೂಪಾಯಿವರೆಗೆ, ಆಮೇಲೆ 1500ರವರೆಗೆ. 184ನೇ ಕಲಮು ಅಪಾಯಕಾರಿ ಚಾಲನೆಯದು. 2019ರ ತಿದ್ದುಪಡಿಯಲ್ಲಿ ಕೆಂಪು ದೀಪ ಇದ್ದಾಗ ನುಗ್ಗುವುದನ್ನು ಹೆಸರು ಹೇಳಿಯೇ ಇದರಲ್ಲಿ ಸೇರಿಸಿದರು. ಇಲ್ಲಿ ಮೊದಲ ಸಲಕ್ಕೇ 6 ತಿಂಗಳಿಗೆ ಕಡಿಮೆ ಇಲ್ಲದಂತೆ 1 ವರ್ಷದವರೆಗೆ ಜೈಲು, ಅಥವಾ 1000ದಿಂದ 5000 ರೂಪಾಯಿ ದಂಡ, ಅಥವಾ ಎರಡೂ. 3 ವರ್ಷದೊಳಗೆ ಮತ್ತೆ ಅದೇ ತಪ್ಪು ಮಾಡಿದರೆ 2 ವರ್ಷದವರೆಗೆ ಜೈಲು, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ.

ನಮ್ಮ ಬಾಯಲ್ಲಿ ಇದೆಲ್ಲಕ್ಕೂ ಒಂದೇ ಪದ: ದಂಡ. "ದಂಡ ಹಾಕ್ಯಾರ, ಕಟ್ಟಿ ಬಂದೆ." ಆದರೆ ರಸ್ತೆಯಲ್ಲಿ ಕಟ್ಟುವ ಹಣ ಕಾನೂನಿನ ಕಣ್ಣಿನಲ್ಲಿ ದಂಡವೇ ಅಲ್ಲ. ಕೇಸು ಕೋರ್ಟಿಗೆ ಹೋಗದಂತೆ ಅಲ್ಲೇ ಮುಗಿಸಿಕೊಳ್ಳುವ ಹಣ ಅದು. 200ನೇ ಕಲಮಿನಲ್ಲಿ ಯಾವ ಯಾವ ಅಪರಾಧಗಳನ್ನು ಹೀಗೆ ಮುಗಿಸಿಕೊಳ್ಳಬಹುದು ಅಂತ ಪಟ್ಟಿ ಇದೆ. 177 ಅದರಲ್ಲಿದೆ. 184ರಲ್ಲಿ ಮಾತ್ರ ಕೈಯಲ್ಲಿ ಮೊಬೈಲ್ ಹಿಡಿದು ಓಡಿಸಿದ್ದಕ್ಕಷ್ಟೇ ಆ ಅವಕಾಶ ಇದೆ. ಅಂದರೆ ಕೆಂಪು ದೀಪದ ತಪ್ಪು 184ರಲ್ಲಿ ದಾಖಲಾದರೆ ಕೋರ್ಟಿನ ಮೆಟ್ಟಿಲು ಹತ್ತಲೇಬೇಕು. ಆದ್ದರಿಂದ ಚಲನ್ ಬಂದಾಗ ಮೊತ್ತಕ್ಕಿಂತ ಮೊದಲು ಕಲಮು ನೋಡಿ ಅಂತ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಹಾಕುತ್ತಿದ್ದೇವೆ.

ಈ ಹಣಕ್ಕೆ ಕನ್ನಡದಲ್ಲಿ ಏನನ್ನಬೇಕು? ಕಾನೂನಿನ ಪುಸ್ತಕಗಳಲ್ಲಿ "ರಾಜಿ ಮಾಡಿಕೊಳ್ಳಬಹುದಾದ ಅಪರಾಧ" ಅಂತ ಇದೆ. ಮರಾಠಿಯಲ್ಲಿ ತಡಜೋಡ್ ಶುಲ್ಕ. ಪದ ಚೆನ್ನಾಗಿಯೇ ಇದೆ, ಆದರೆ ಮುಂಬಯಿ, ಪುಣೆಯಲ್ಲಿ ಕೈಬಿಸಿ ಮಾಡಿ ಬಿಡಿಸಿಕೊಳ್ಳುವುದಕ್ಕೆ ತೋಡಪಾಣಿ ಅಂತಾರೆ. ತಡಜೋಡ್ ಅಂದರೂ, ರಾಜಿ ಅಂದರೂ ಚಾಲಕರ ಮನಸ್ಸು ಸೀದಾ ಅತ್ತ ಹೋಗುತ್ತದೆ. ಸರ್ಕಾರಕ್ಕೆ ಸೇರುವ ಹಣಕ್ಕೆ ಆ ವಾಸನೆ ಬರಬಾರದು. "ಸ್ಥಳದಲ್ಲೇ ಕಟ್ಟುವ ಹಣ" ಅಂದರೆ ಮೊಬೈಲಿನಲ್ಲಿ ಮನೆಯಿಂದ ಕಟ್ಟುವವರಿಗೆ ಹೊಂದುವುದಿಲ್ಲ. "ಇತ್ಯರ್ಥದ ಹಣ" ಹೇಗೆ? ನನಗೆ ಸದ್ಯಕ್ಕೆ ಅದೇ ಒಪ್ಪಿಗೆ. ಊರಿನ ಪಂಚಾಯ್ತಿಯಲ್ಲಿ ಇತ್ಯರ್ಥ ಅನ್ನುವ ಮಾತು ಕೇಳಿಯೇ ಇರುತ್ತಾರೆ.

ಚಲನ್ ಬಗ್ಗೆ ಒಂದೇ ಮಾತು. ಬ್ಯಾಂಕಿನಲ್ಲಿ, ಖಜಾನೆಯಲ್ಲಿ ಚಲನ್ ಅಂದರೆ ಹಣ ತುಂಬುವ ಚೀಟಿ. ಕ್ಯಾಮೆರಾ ಫೋಟೋ ಹಿಡಿದು ಕಳಿಸುವ ಇ-ಚಲನ್ ಮಾತ್ರ ತಪ್ಪಿನ ನೋಟಿಸು. ಅದನ್ನು ಇಂತಿಷ್ಟು ದಿನದೊಳಗೆ ಕಳಿಸಬೇಕು ಅಂತ ಕೇಂದ್ರದ ನಿಯಮದಲ್ಲಿ ಗಡುವು ಇದೆ. ಬಾಡಿಗೆ ಆಟೋ ಆದರೆ ಮೆಸೇಜ್ ಹೋಗುವುದು ಮಾಲಕನ ಫೋನಿಗೆ. ಹಾಗಾಗಿ "ಇ-ಚಲನ್ ನೋಟಿಸು" ಅಂತ ಜೋಡಿಸಿಯೇ ಬರೆಯೋಣ.

ಉಳಿದದ್ದು ಅಮಾನತು ಮತ್ತು ರದ್ದು. ಪೊಲೀಸರು ಕಳಿಸಿದ ಲೈಸೆನ್ಸನ್ನು ಆರ್‌ಟಿಓ ಏನು ಮಾಡಬಹುದು ಅಂತ 19ನೇ ಕಲಮಿನಲ್ಲಿದೆ. ಮೊದಲು ಚಾಲಕನ ಮಾತು ಕೇಳಬೇಕು. ಕೇಳಿದ ಮೇಲೆ ಬಿಟ್ಟುಬಿಡಲೂಬಹುದು. ಇಲ್ಲವಾದರೆ ಕಾರಣ ಬರೆದು, ಮೊದಲ ಸಲಕ್ಕೆ 3 ತಿಂಗಳು ಗಾಡಿ ಓಡಿಸದಂತೆ ಅನರ್ಹಗೊಳಿಸಬಹುದು. ಎರಡನೇ ಸಲಕ್ಕೆ ಲೈಸೆನ್ಸೇ ಹೋಗುತ್ತದೆ. ನಮ್ಮವರು ಎರಡಕ್ಕೂ "ಲೈಸನ್ಸ್ ರದ್ದಾತು" ಅನ್ನುತ್ತಾರೆ. 3 ತಿಂಗಳ ಆದೇಶ ಬಂದವನು ಇನ್ನು ಮುಗಿಯಿತು ಅಂತ ಹೆದರಿ ಊರಿಗೆ ಹೊರಟುಬಿಟ್ಟರೆ ಅವನ ದುಡಿಮೆ ಏನಾಗಬೇಕು? ಇನ್ನೊಂದು ಕಡೆ, ಆ 3 ತಿಂಗಳಲ್ಲಿ ಕದ್ದುಮುಚ್ಚಿ ಓಡಿಸಿ ಸಿಕ್ಕಿಬಿದ್ದರೆ 182ನೇ ಕಲಮಿನಲ್ಲಿ 3 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ ಇದೆ.

"ಅಮಾನತು" ಹಾಕೋಣ ಅಂದರೆ, ಅದಕ್ಕೆ ಠೇವಣಿ ಅನ್ನುವ ಹಳೆಯ ಅರ್ಥವೂ ಇದೆ. ನಮ್ಮ ಕಡೆಯ ಹಿರಿಯರು ಇಂದಿಗೂ ಹಾಗೆಯೇ ಬಳಸುತ್ತಾರೆ. ಪುಣೆಯ ಮರಾಠಿ ಕಾಗದಗಳಲ್ಲಿ "ನಿಲಂಬಿತ" ಅಂತ ಬರುತ್ತದೆ. "3 ತಿಂಗಳು ತಡೆ" ಅಂತ ಸುಮ್ನೆ ಸರಳವಾಗಿ ಬರೆದರೆ ಸಾಕಾ? ನನಗೆ ಸಾಕು ಅನ್ನಿಸುತ್ತದೆ. ವಕೀಲರಾಗಿರುವವರು ಏನನ್ನುತ್ತೀರಿ ತಿಳಿಸಿ.

ಕೆಂಪು ದೀಪದಲ್ಲಿ ನುಗ್ಗಿ ಜೀವ ಹೋದರೆ ಮಾತು ಬೇರೆ. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ 5 ವರ್ಷದವರೆಗೆ ಜೈಲು ಇದೆ. 2024ರ ಜುಲೈಗಿಂತ ಮುಂಚೆ ಇದು 2 ವರ್ಷ ಇತ್ತು. ಅಲ್ಲಿ "ನಿರ್ಲಕ್ಷ್ಯದಿಂದ ಸಾವು" ಅನ್ನುವ ಪದ ಎಲ್ಲರಿಗೂ ಗೊತ್ತು, ಅದನ್ನೇ ಇಟ್ಟಿದ್ದೇವೆ.

ಕಲಬುರಗಿ, ಬೀದರ್ ಕಡೆಯವರಿಗೆ ಒಂದು ವಿಶೇಷ ಪ್ರಶ್ನೆ. ನಿಮ್ಮಲ್ಲಿ "ಜಮಾ ಚೀಟಿ" ಅಂದರೆ ಬ್ಯಾಂಕಿಗೆ ಹಣ ತುಂಬಿದ ಚೀಟಿ ಅಂತ ತಿಳಿಯುವ ಸಂಭವ ಇದೆಯಾ? ಇದ್ದರೆ ಹಾಳೆ ಅಚ್ಚಿಗೆ ಹೋಗುವ ಮೊದಲೇ ಹೇಳಿ, ಬೇರೆ ಪದ ಹುಡುಕೋಣ.