ಹಾಡಿಗೆ ಮಿಡಿಯೋ ಚುಕ್ಕಿ ಪರದಿ: ಮಾಡಿದವರು ಹೇಳ್ರಿ

ಧಾರವಾಡದಾಗ ನಮ್ಮ ತಂಡದವರು ಶಿಶುನಾಳ ಶರೀಫಜ್ಜನ ತತ್ವಪದ ರಂಗದ ಮ್ಯಾಲೆ ತರಾಕ ಹತ್ತೇವ್ರಿ. ಹಿಂದ 20 ಅಡಿ ಅಗಲ, 10 ಅಡಿ ಎತ್ತರದ ಕರಿ ಪರದಿ. ಅದರಾಗ ಹಾಡಿಗೆ ತಕ್ಕಂಗ ಎಲ್‌ಇಡಿ ಚುಕ್ಕಿ ಮಿನುಗಬೇಕು. ಯಾರರೆ ಮಾಡಿದ್ರ ಅನುಭವ ಹೇಳ್ರಿ.

ಗದಗಿನಿಂದ:
ಹೋದ ವರ್ಷ ನಾವು ಮಾಡೇವ್ರಿ. 5 ವೋಲ್ಟಿನ ಪಿಕ್ಸೆಲ್ ಬಲ್ಬಿನ (ಒಂದೊಂದನ್ನೂ ಬ್ಯಾರೆ ಬ್ಯಾರೆ ಬೆಳಗಿಸಬಹುದಾದ ಎಲ್‌ಇಡಿ) ಸರ ತಗೋರಿ, 50 ಬಲ್ಬಿನ ನಾಲ್ಕು ಸರ ಸಾಕು. ಇಎಸ್‌ಪಿ32 ಅನ್ನೋ ಸಣ್ಣ ಕಂಟ್ರೋಲರ್ ಬೋರ್ಡಿಗೆ ಡಬ್ಲ್ಯುಎಲ್‌ಇಡಿ ಅನ್ನೋ ಲೈಟ್ ಕುಣಿಸೋ ಸಾಫ್ಟ್‌ವೇರ್ ಹಾಕಿದ್ರ ಕೋಡ್ ಬರಿಯೋ ಕೆಲಸಾನ ಇಲ್ಲ.

ನಾವು ಎಡವಿದ್ದು ಕರೆಂಟಿನಾಗ. ಪೂರ್ತಿ ಬಿಳಿ ಉರಿದ್ರ ಒಂದು ಬಲ್ಬ್ ಸುಮಾರು 60 ಮಿಲಿಆಂಪ್ ಎಳೀತೈತಿ, 200ಕ್ಕ 12 ಆಂಪ್ ಆತು. ಒಂದ ತುದಿಯಿಂದ ಕರೆಂಟ್ ಕೊಟ್ಟಿದ್ವಿ. ಮೊದಲನೇ ಸರ ಹಾಲಿನಂಗ ಬೆಳ್ಳಗ, ಕಡೀ ಸರ ಕುಂಕುಮ ಕಲಸಿದಂಗ ಕೆಂಪಗ! ದೂರ ಹೋದಂಗ ವೋಲ್ಟೇಜ್ ಇಳದು ನೀಲಿ, ಹಸಿರು ಮೊದಲ ಸೋಲ್ತಾವ. 20 ಆಂಪಿನ ಎಸ್‌ಎಂಪಿಎಸ್ (ಮನಿ ಕರೆಂಟನ್ನ 5 ವೋಲ್ಟಿಗೆ ಇಳಿಸೋ ಡಬ್ಬಿ) ತಂದು, ಪ್ರತಿ ಸರಕ್ಕೂ ದಪ್ಪ ವೈರಿನಾಗ ಬ್ಯಾರೆ ಕರೆಂಟ್, ಬ್ಯಾರೆ ಫ್ಯೂಸ್ ಕೊಟ್ಟಮ್ಯಾಲೆ ಸರಿ ಆತು. ಗ್ರೌಂಡ್ (ಮೈನಸ್ ವೈರ್) ಮಾತ್ರ ಎಲ್ಲಾದಕ್ಕೂ ಒಂದ ಇರ್ಲಿ.

ಹುಬ್ಬಳ್ಳಿಯಿಂದ, ಸೌಂಡ್ ಕೆಲಸದಾಂವ:
ಬೋರ್ಡಿಗೆ ಮೈಕ್ ಹಚ್ಚಿ ನಾವು ಕೆಟ್ವಿ. ಹಾಡು ಮೆಲ್ಲಕ ನಡದಾಗ ಒಂದು ಚುಕ್ಕಿನೂ ಅಲುಗಲಿಲ್ಲ, ಮಂದಿ ಚಪ್ಪಾಳಿ ಹೊಡದ ಕೂಡ್ಲೆ ಇಡೀ ಆಕಾಶ ಧಗ್ ಅಂತ ಹೊತ್ತಿಕೊಂತು. ಹಾಡಾಕಿ ಪದ ಬಿಟ್ಟು ಹೊಳ್ಳಿ ನೋಡಿದ್ಲು. ಮಿಕ್ಸರಿನ ಆಕ್ಸ್‌ದಾಗಿಂದ (ಬೇಕಾದ ದನಿ ಅಷ್ಟ ಹೊರಗ ತಗಿಯೋ ಔಟ್‌ಪುಟ್) ಡಗ್ಗಾದ, ಅಂದ್ರ ತಬಲಾ ಜೋಡಿಯ ದಪ್ಪ ದನಿ ವಾದ್ಯದ, ದನಿ ಒಂದನ್ನ ತಗೊಂಡು, ದನಿಯನ್ನ ಡಿಜಿಟಲ್ ಮಾಡೋ ಪಿಸಿಎಂ1808 ಬೋರ್ಡಿನ ಮೂಲಕ ಇಎಸ್‌ಪಿ32ಕ್ಕ ಕೊಡ್ರಿ. ಸೆಟ್ಟಿಂಗ್‌ನಾಗ ಮಾಸ್ಟರ್ ಕ್ಲಾಕ್ ಪಿನ್ (ಎರಡೂ ಬೋರ್ಡನ್ನ ಒಂದ ತಾಳಕ್ಕ ನಡಸೋ ಪಿನ್) ಮರೀಬ್ಯಾಡ್ರಿ.

ಕೈ ಮುಗದು ಹೇಳ್ತೇನಿ, ಎಲ್ಲಾ ಚುಕ್ಕಿ ಕುಣಿಸಬ್ಯಾಡ್ರಿ. ತತ್ವಪದಕ್ಕ ಜಾತ್ರಿ ಲೈಟ್ ಒಪ್ಪೂದಿಲ್ಲ. ಮೂರು ಸರ ಮಂದ ಬೆಳಕಿನಾಗ ಸುಮ್ಮನ ಇರ್ಲಿ. ನಾಲ್ಕನೇದು ಪರದಿ ತುಂಬ ಅಡ್ಡಾದಿಡ್ಡಿ ಓಡಾಡಿ, ಅದೊಂದ ಡಗ್ಗಾಕ್ಕ ಮಿಡೀಲಿ. ಅಂಗೈ ಒತ್ತಿ ಡಗ್ಗಾ ಗುಂಯ್ ಅನಿಸಿದಾಗ ಚುಕ್ಕಿ ಮೆಲ್ಲಕ ಏರಿ ಮೆಲ್ಲಕ ಆರ್ತಾವ. ಮೈ ಜುಂ ಅಂತೈತ್ರಿ.

ಹಾವೇರಿಯಿಂದ:
ಹೊಳಿಯೋ ಸ್ಯಾಟಿನ್ ಅರಿವಿ ಬ್ಯಾಡ. ಮುಂದಿನ ಲೈಟ್ ಬಿದ್ರ ಅದ ಬೆಳಗತೈತಿ, ಚುಕ್ಕಿ ಕಾಣೂದಿಲ್ಲ. ಮಬ್ಬು ಕರಿ ದಪ್ಪ ಅರಿವಿ ತಗೋರಿ. ಎಸ್‌ಎಂಪಿಎಸ್ ಬಿಸಿ ಆಗತೈತಿ, ಅರಿವಿಗೆ ತಾಗದಂಗ ದೂರ ಇಡ್ರಿ. ಒಯ್ಯುವಾಗ ಪರದಿ ಮಡಚಬ್ಯಾಡ್ರಿ, ಬೆಸುಗಿ ಬಿಡ್ತಾವ, ಪೈಪಿಗೆ ಸುತ್ತರಿ. ನಡುವ ಒಂದು ಬಲ್ಬ್ ಕೆಟ್ರ ಅದರ ಮುಂದಿನವು ಎಲ್ಲಾ ಕೈ ಕೊಡ್ತಾವ. ನಾಟಕದ ದಿನ ಒಂದು ಹೊಸ ಸರ, ಸಾಲ್ಡರಿಂಗ್ ಕಡ್ಡಿ ಪರದಿ ಹಿಂದ ಇಟ್ಕೊಂಡಿರ್ರಿ.