ಪದಚರ್ಚೆ: ರೆಸಿನ್ ಡಬ್ಬದ ಮೇಲಿನ ‘ಚರ್ಮ ಸಂವೇದನೆ’ಗೆ ಸರಿಯಾದ ಕನ್ನಡ ಯಾವುದು?

ಎಲ್ಲರಿಗೂ ನಮಸ್ಕಾರ.

ತಮ್ಮನ ಮಗ ಗಾಳಿಯಂತ್ರದ ರೆಕ್ಕೆ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿನ ಸುರಕ್ಷತಾ ಫಲಕಗಳ ಕನ್ನಡ ನೋಡಿಕೊಡಿ ಎಂದು ಇಲ್ಲಿಗೆ, ಕಾಸರಗೋಡು ಜಿಲ್ಲೆಯ ಬದಿಯಡ್ಕಕ್ಕೆ, ಫೋಟೋ ಕಳಿಸಿದ್ದ. ಒಂದು ಸಾಲು ಹೀಗಿದೆ: ‘ಈ ವಸ್ತುವು ಚರ್ಮ ಸಂವೇದನೆಯನ್ನು ಉಂಟುಮಾಡಬಹುದು.’ ಅದರ ಕೆಳಗೆ ಅವನ ಪ್ರಶ್ನೆ: “ದೊಡ್ಡಪ್ಪ, ಸಂವೇದನೆ ಅಂದರೆ ಇಲ್ಲಿ ಎಂತ?”

ಇಂಗ್ಲಿಷ್ ಮೂಲದಲ್ಲಿರುವುದು ಸ್ಕಿನ್ ಸೆನ್ಸಿಟೈಸೇಶನ್, ಎಂದರೆ ತಾಗುತ್ತ ತಾಗುತ್ತ ಒಂದು ವಸ್ತು ಚರ್ಮಕ್ಕೆ ಒಗ್ಗದಂತಾಗುವುದು. ಕನ್ನಡದಲ್ಲಿ ಸಂವೇದನೆ ಎಂದರೆ ಮುಟ್ಟಿದ್ದು ಅರಿವಿಗೆ ಬರುವುದು, ಇಲ್ಲವೇ ಮನಸ್ಸಿನ ಸೂಕ್ಷ್ಮತೆ. ಎರಡರಲ್ಲೂ ಅಪಾಯದ ಸುಳಿವಿಲ್ಲ.

ರೆಕ್ಕೆಯ ಅಚ್ಚಿನಲ್ಲಿ ಗಾಜಿನ ನಾರಿನ ಬಟ್ಟೆಯನ್ನೂ ನಡುವೆ ಬಾಲ್ಸಾ ಮರ ಅಥವಾ ಫೋಮನ್ನೂ ಹಾಸಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ, ಒಳಗಿನ ಗಾಳಿ ಎಳೆದು ಎಪಾಕ್ಸಿ ರೆಸಿನ್ ಎಂಬ ಅಂಟುದ್ರವ ಹರಿಸುತ್ತಾರೆ. ರೆಸಿನ್ ತನ್ನನ್ನು ಗಟ್ಟಿಮಾಡುವ ರಾಸಾಯನಿಕದ (ಹಾರ್ಡನರ್) ಜತೆ ಸೇರಿ ಪೂರ್ತಿ ಗಟ್ಟಿಯಾದ ಮೇಲೆ ಚರ್ಮಕ್ಕೆ ಅಷ್ಟು ತೊಂದರೆಯಿಲ್ಲ; ಹಸಿಯಿದ್ದಾಗಲೇ ಅಪಾಯ. ಅರೆಗಟ್ಟಿಯಾದ ಭಾಗ ಉಜ್ಜಿದಾಗ ಏಳುವ ಧೂಳೂ ಅಷ್ಟೇ. ಕೈಗವಸಿಗೂ ತೋಳಿಗೂ ನಡುವೆ ತೆರೆದುಕೊಳ್ಳುವ ಮಣಿಕಟ್ಟು, ಗೊತ್ತಿಲ್ಲದೆ ತಿಕ್ಕಿಕೊಂಡ ಕಣ್ಣರೆಪ್ಪೆ, ಇಂಥ ಕಡೆ ಕೆಂಪೇರಿ ತುರಿಸತೊಡಗುತ್ತದೆ.

ಇದನ್ನು ‘ಉರಿ’ ಎನ್ನಲೂ ಬರುವುದಿಲ್ಲ. ಸುಣ್ಣ ತಾಗಿದರೆ ಯಾರ ಕೈಯೂ ಉರಿದೀತು, ಮೊದಲ ದಿನವೇ ಉರಿದೀತು. ಇಲ್ಲಿ ವಾರಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಏನೂ ಆಗುವುದಿಲ್ಲ. ಮೈಯ ರಕ್ಷಣಾ ವ್ಯವಸ್ಥೆ ಆ ವಸ್ತುವನ್ನು ಒಮ್ಮೆ ಶತ್ರುವೆಂದು ಗುರುತಿಟ್ಟುಕೊಂಡಿತೋ, ಆಮೇಲೆ ಚೂರು ತಾಗಿದರೂ ಸಾಕು. ಸಾಮಾನ್ಯವಾಗಿ ಅದು ಜೀವಮಾನವಿಡೀ ಹೋಗುವುದಿಲ್ಲ. ಕಲಿತ ಕೆಲಸವನ್ನೇ ಬಿಡಬೇಕಾಗಿ ಬರಬಹುದು. ‘ಅಲರ್ಜಿ’ ಎಂದು ಬರೆದರೆ ಎಲ್ಲರಿಗೂ ಗೊತ್ತಾಗುತ್ತದೆ ನಿಜ. ಆದರೆ ಅಲರ್ಜಿ ಕೆಲವರಿಗೆ ಹುಟ್ಟಿನಿಂದ ಇರುವಂಥದು ಎಂಬ ನಂಬಿಕೆ ಬಲವಾಗಿದೆ. “ನನಗೆ ಅಲರ್ಜಿ ಇಲ್ಲ” ಎಂದು ಹುಡುಗರು ಕೈಗವಸು ಕಳಚಿಡುವುದು ಅದರಿಂದಲೇ.

ನಮ್ಮ ಕಡೆ ಇದಕ್ಕೆ ತೀರ ಹತ್ತಿರದ ಮಾತು ‘ಚೇರೆ ತಾಗುವುದು’. ಚೇರೆಮರದ ಸೊನೆ ತಾಗಿದರೆ ಒಬ್ಬನಿಗೆ ಏನೂ ಆಗದು, ಮತ್ತೊಬ್ಬನಿಗೆ ಮುಖ ಊದಿ ಕಣ್ಣು ಮುಚ್ಚಿಹೋಗುತ್ತದೆ. ಅದೂ ಗೇರಿನ ಕುಟುಂಬದ ಮರವೇ. ಗೇರುಬೀಜದ ಸಿಪ್ಪೆಯೆಣ್ಣೆಯಲ್ಲಿ ಸಿಗುವ ಕಾರ್ಡನಾಲ್‌ನಿಂದ ಎಪಾಕ್ಸಿಗೆ ಬೇಕಾದ ಹಾರ್ಡನರ್ ಕೂಡ ಮಾಡುತ್ತಾರೆ. ಸಸ್ಯಮೂಲದ್ದು, ಪರಿಸರಸ್ನೇಹಿ ಎಂದು ಅದಕ್ಕೆ ಹೆಸರು. ಚರ್ಮಕ್ಕೆ ಮಾತ್ರ ಅದೂ ಹೀಗೆಯೇ ತಾಗಬಲ್ಲದು. ಡಬ್ಬದ ಮೇಲಿನ ಹಸಿರು ಎಲೆಯ ಚಿತ್ರ ನೋಡಿ ಯಾರೂ ಬರಿಗೈ ಹಾಕಬಾರದು. ಗೇರುತೋಟಗಳ ಮೇಲೆ ಎಂಡೋಸಲ್ಫಾನ್ ಕೀಟನಾಶಕ ಸುರಿದ ಜಿಲ್ಲೆ ನಮ್ಮದು. ಎಚ್ಚರಿಕೆಯ ಮಾತು ಕೆಲಸದವನಿಗೆ ಅರ್ಥವಾಗಲೇಬೇಕು ಎಂಬ ನನ್ನ ಹಟ ಅಲ್ಲಿಂದ ಬಂದದ್ದು.

ಆದರೆ ‘ಚೇರೆ’ ಬಯಲುಸೀಮೆಯಿಂದ ಬಂದವರಿಗೆ ತಿಳಿಯಲಿಕ್ಕಿಲ್ಲ. ‘ನಂಜು’ ಎಲ್ಲ ಕಡೆ ಇದೆ. ಬದನೆಯೂ ನಂಜು, ಕೀವಾದ ಗಾಯವೂ ನಂಜು, ಹಾವಿನದೂ ನಂಜು, ಹೀಗಾಗಿ ಅರ್ಥ ನಿಲ್ಲುವುದಿಲ್ಲ. ‘ಒಗ್ಗದಿಕೆ’ ಚೆನ್ನಾಗಿದೆ. ಆದರೂ ಮೊದಲು ಒಗ್ಗಿದ್ದದ್ದು ಆಮೇಲೆ ಒಗ್ಗದೆ ಹೋಯಿತು ಎಂಬುದು ಅದರಲ್ಲಿ ಬರುವುದಿಲ್ಲ. ಹಾಗಾಗಿ ಸದ್ಯಕ್ಕೆ ಪದದ ಬದಲು ವಾಕ್ಯವನ್ನೇ ಬರೆದು ಕಳಿಸಿದ್ದೇನೆ: ‘ಮತ್ತೆ ಮತ್ತೆ ತಾಗಿದರೆ ಮುಂದೆಂದೂ ಮೈಗೆ ಒಗ್ಗದಂತಾಗಬಹುದು. ಈಗ ತುರಿಕೆ ಇಲ್ಲವೆಂದು ಕೈಗವಸು ಬಿಡಬೇಡಿ.’

ಫಲಕಕ್ಕೆ ಇದು ಸಾಕು, ಡಬ್ಬದ ಚೀಟಿಗೆ ಉದ್ದವಾಯಿತು. ರಾಯದುರ್ಗ, ಮಡಕಶಿರ, ಜತ್ತ, ಅಕ್ಕಲಕೋಟೆ ಕಡೆಯವರನ್ನು ಮುಖ್ಯವಾಗಿ ಕೇಳುತ್ತಿದ್ದೇನೆ: ಬಟ್ಟೆಗೆ ಗುರುತು ಹಾಕಲು ಅಗಸರು ಬಳಸುತ್ತಿದ್ದ ಕರಿಗೇರಿನ ರಸದಿಂದ ಮೈಮೇಲೆ ಗುಳ್ಳೆ ಎದ್ದರೆ ನಿಮ್ಮಲ್ಲಿ ಏನೆನ್ನುತ್ತಿದ್ದರು? ‘ಏಳುವುದು’, ‘ತಾಗುವುದು’, ‘ಹತ್ತುವುದು’, ಇವುಗಳಲ್ಲಿ ಯಾವುದು ಬಳಕೆಯಲ್ಲಿದೆ?